ಇಪ್ಪತ್ತು ಸೆಕೆಂಡಿನ ಮುಯ್ಯಿ

ಹೋದ ತಿಂಗಳು ಕನ್ನಡಕ ಬದಲಿಸಲೆಂದು ಇಲ್ಲೇ ಹೈದರಾಬಾದಿನ ಹಿಮಾಯತ್‌ನಗರಕ್ಕೆ ಹೋಗಿದ್ದೆ. ಮನೆ ಹತ್ತಿರವೇ ನಾಲ್ಕು ಅಂಗಡಿಗಳಿವೆ. ಆದರೆ ನನ್ನ ಹೆಂಡತಿ ಯಾರದೋ ಮಾತು ಕೇಳಿ, ಅಲ್ಲಿ ಕಣ್ಣು ಚೆನ್ನಾಗಿ ನೋಡುತ್ತಾರೆ ಎಂದು ಹಠ ಹಿಡಿದಿದ್ದಳು. ವಿಳಾಸ ಹಿಡಿದು ಹುಡುಕಿಕೊಂಡು ಹೋದರೆ ನನಗೆ ಗೊತ್ತಿದ್ದ ಕಟ್ಟಡವೇ. ಮುಂಭಾಗಕ್ಕೆ ಗಾಜು ಹೊದಿಸಿದ್ದಾರೆ, ಲಿಫ್ಟ್ ಬಂದಿದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಮೊದಲ ತಿರುವಿನ ಕಿಟಕಿಯಿಂದ, ಹಿಂದಿನ ಓಣಿಯ ಕಡೆಯಿಂದ, ಒಂದು ವಾಸನೆ ಬಂತು. ಕಾದ ಹೆಂಚಿನ ಮೇಲೆ ಉದುರಿ ಕರಕಾದ ಜೋಳದ ಹಿಟ್ಟಿನ ವಾಸನೆ. ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಮೇಲಿನಿಂದ ಇಳಿಯುತ್ತಿದ್ದವನೊಬ್ಬ, ಮಂಡಿ ನೋವೇ ಸಾರ್ ಎಂದು ತೆಲುಗಿನಲ್ಲಿ ಕೇಳಿದ. ಹೌದು ಎಂದೆ. ಆ ಕಟ್ಟಡದಲ್ಲಿ ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಸುಲಭ.

ಹೊಸ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿದ್ದ ಕಾಲ ಅದು. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಅಲ್ಲಿ ಒಳಗೆ ಬಿಟ್ಟುಕೊಳ್ಳದವರೆಲ್ಲ ಹಿಮಾಯತ್‌ನಗರದ ಮಹಡಿಗಳಲ್ಲಿ ಸಣ್ಣಪುಟ್ಟ ಕಂಪನಿ ಹಾಕಿಕೊಂಡು ಕೂತಿದ್ದರು. ಈ ಕಟ್ಟಡದಲ್ಲಿದ್ದ ನಮ್ಮದರಲ್ಲಿ ಆರು ಕಂಪ್ಯೂಟರು, ಮೂರು ಜನ, ಗಿರಾಕಿ ಬಂದಾಗ ಮಾತ್ರ ಹಾಕುವ ಒಂದು ಎ.ಸಿ. ಯಜಮಾನ ವಾರಂಗಲ್ ಕಡೆಯವನು, ತನ್ನನ್ನು ಎಂ.ಡಿ. ಎಂದೇ ಕರೆಸಿಕೊಳ್ಳುತ್ತಿದ್ದ. ನಾನು ಶಹಾಬಾದಿನಲ್ಲಿ ಬಿ.ಕಾಂ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಹಿಡಿದು ಬಂದವನು. ಊರಲ್ಲಿ ಕೇಳಿದವರಿಗೆಲ್ಲ ಸಾಫ್ಟ್‌ವೇರಿನಲ್ಲಿದ್ದೇನೆ ಎಂದು ಹೇಳಿಕೊಂಡಿದ್ದೆ. ಮಾಡುತ್ತಿದ್ದ ಕೆಲಸ ಹೇಳಿದ್ದರೆ ನಮ್ಮಪ್ಪನಿಗೆ ಅರ್ಥವೂ ಆಗುತ್ತಿರಲಿಲ್ಲ, ಅರ್ಥವಾಗಿದ್ದರೆ ನನಗೆ ಮರ್ಯಾದೆಯೂ ಉಳಿಯುತ್ತಿರಲಿಲ್ಲ.

ಆಗ ಎಲ್ಲರಿಗೂ ವೆಬ್‌ಸೈಟ್ ಮಾಡಿಸುವ ಹುಚ್ಚು. ಮಾಡಿಸಿದ್ದಾಯಿತು, ಅದನ್ನು ನೋಡುವವರು ಯಾರು? ಅಂಥವರಿಗಾಗಿ ಟ್ರಾಫಿಕ್ ಎಕ್ಸ್‌ಚೇಂಜ್ ಎಂಬ ಏರ್ಪಾಡು ಇತ್ತು. ಅದಕ್ಕೆ ಸೇರಿದವರೆಲ್ಲ ಒಬ್ಬರ ಸೈಟನ್ನು ಒಬ್ಬರು ನೋಡಬೇಕು. ಬಟನ್ ಒತ್ತಿದರೆ ಯಾರದೋ ಪುಟ ತೆರೆಯುತ್ತದೆ. ಮೇಲೊಂದು ಗಡಿಯಾರ ಇಪ್ಪತ್ತು ಸೆಕೆಂಡಿನಿಂದ ಇಳಿಯುತ್ತ ಬರುತ್ತದೆ. ಸೊನ್ನೆಯಾದಾಗ ಛತ್ರಿ, ಮೀನು, ಸೇಬು, ಗಂಟೆ ಎಂದು ನಾಲ್ಕು ಚಿತ್ರಗಳು ಬರುತ್ತವೆ. ಪಕ್ಕದಲ್ಲಿ ತೋರಿಸಿದ ಚಿತ್ರ ಯಾವುದೋ ಅದನ್ನೇ ಆರಿಸಿ ಒತ್ತಿದರೆ ನಿಮ್ಮ ಹೆಸರಿಗೆ ಅರ್ಧ ಕ್ರೆಡಿಟ್. ಹೀಗೆ ನೀವು ಇಬ್ಬರ ಪುಟ ನೋಡಿದರೆ, ಎಲ್ಲೋ ಒಬ್ಬರು ನಿಮ್ಮ ಪುಟ ನೋಡುತ್ತಾರೆ. ನೋಡುತ್ತಾರೆ ಎನ್ನುವುದು ಎಕ್ಸ್‌ಚೇಂಜಿನವರ ಮಾತು. ಅವರು ನೋಡುವುದು ಗಡಿಯಾರವನ್ನು. ಆಮೇಲೆ ಮೀನನ್ನೋ ಛತ್ರಿಯನ್ನೋ ಹುಡುಕುತ್ತಾರೆ. ನಾನು ದಿನಕ್ಕೆ ಎಂಟು ಗಂಟೆ, ಒಂದೇ ಸಲಕ್ಕೆ ನಾಲ್ಕು ಎಕ್ಸ್‌ಚೇಂಜ್ ತೆರೆದಿಟ್ಟು ಇದನ್ನೇ ಮಾಡುತ್ತಿದ್ದೆ. ಸಾವಿರಾರು ಪುಟ ದಾಟಿಸಿದ್ದೇನೆ, ಒಂದರ ಹೆಸರೂ ನೆನಪಿಲ್ಲ.

ಶನಿವಾರ ನಮ್ಮಲ್ಲಿ ಹೊಸಬರಿಗೆ ಪಾಠವೂ ಇತ್ತು. ಪಾಠ ಹೇಳುವವನು ನಾನೇ. ಬೇಗಂ ಬಜಾರಿನ ಸ್ಟೀಲ್ ಪಾತ್ರೆಯವರು, ಹೊಸದಾಗಿ ಟ್ಯೂಷನ್ ಹಾಕಿದವರು ಬಂದು ಕೂರುತ್ತಿದ್ದರು. ಎಕ್ಸ್‌ಚೇಂಜಿಗೆ ಹಾಕುವ ಪುಟ ಸಣ್ಣದಿರಬೇಕು, ಗಡಿಯಾರ ಮುಗಿಯುವುದರೊಳಗೆ ಪೂರ್ತಿ ತೆರೆದಿರಬೇಕು ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆಯುತ್ತಿದ್ದೆ. ಫೋಟೋ ಹಾಕುವುದಾದರೆ ಕತ್ತರಿಸಿ, ಕುಗ್ಗಿಸಿ ಹಾಕಿ. ಹೇಳಬೇಕಾದ ಒಂದೇ ಮಾತನ್ನು ದೊಡ್ಡದಾಗಿ ಹೇಳಿ. ಹಾಡುಗೀಡು ಹಾಕಿ ನೋಡುವವನ ತಲೆ ತಿನ್ನಬೇಡಿ ಎನ್ನುತ್ತಿದ್ದೆ. ಎಷ್ಟು ಜನ ಬಂದರು ಎಂದು ಎಣಿಸಬೇಡಿ, ಎಷ್ಟು ಜನ ತಿರುಗಿ ಬರೆದರು ಎಂದು ಎಣಿಸಿ ಎಂದೂ ಹೇಳುತ್ತಿದ್ದೆ. ಇದನ್ನೆಲ್ಲ ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಎಂ.ಡಿ. ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದ.

ಊಟ ಹಿಂದಿನ ಓಣಿಯ ಖಾನಾವಳಿಯಲ್ಲಿ. ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಶರಣಮ್ಮ, ಚಿತ್ತಾಪುರದ ಹತ್ತಿರದ ಹಳ್ಳಿಯವಳು. ನಲವತ್ತೈದು ದಾಟಿತ್ತು. ಗಂಡ ರೇವಣಪ್ಪ ಮಾದಾಪುರದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ಗೋಡೆಗೆ ಕಟ್ಟಿದ ಸಾರವೆಯ ಮೇಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಬುದ್ಧಿ ಮಾತ್ರ ಪೂರ್ತಿ ಹೊಳ್ಳಿ ಬರಲಿಲ್ಲ. ಕೂತಲ್ಲಿ ನಿಂತಲ್ಲಿ "ಊರಿಗಿ ಹೋಗೂನು ನಡಿ" ಎನ್ನುವುದೊಂದೇ ಮಾತು. ಒಂದು ದಿನ ಇವಳು ರೊಟ್ಟಿ ಬಡಿದು ಮನೆಗೆ ಹೋಗುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವನು ಇರಲಿಲ್ಲ. ಊರಿಗೂ ಮುಟ್ಟಿರಲಿಲ್ಲ.

ಅವತ್ತಿನಿಂದ ಅವಳ ದಿನಚರಿ ಒಂದೇ. ಮಧ್ಯಾಹ್ನದ ಪಂಕ್ತಿ ಮುಗಿದದ್ದೇ ತಡ, ಕೈಯ ಹಿಟ್ಟು ತೊಳೆದುಕೊಂಡು, ಗಂಡನ ಫೋಟೋ ಸೆರಗಿನಲ್ಲಿ ಕಟ್ಟಿಕೊಂಡು, ಬಸ್ಸು ಹತ್ತಿ ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗುವುದು. ಊರ ದಿಕ್ಕಿನ, ವಾಡಿ ಕಡೆಯ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಸಂಜೆ ಆರರವರೆಗೆ ನಿಂತು, ಹಾದುಹೋಗುವವರಿಗೆಲ್ಲ ಫೋಟೋ ತೋರಿಸಿ, ರಾತ್ರಿಯ ಅಡುಗೆ ಹೊತ್ತಿಗೆ ಬರುವುದು. ಊರಿಗೆ ಹೋಗಬೇಕು ಎನ್ನುವವನು ಇವತ್ತಲ್ಲ ನಾಳೆ ಆ ಗಾಡಿಯ ಹತ್ತಿರ ಬಂದೇ ಬರುತ್ತಾನೆ ಎಂಬುದು ಅವಳ ಲೆಕ್ಕ. ಈಗ ಯೋಚಿಸಿದರೆ ಆ ವರ್ಷ ಹೈದರಾಬಾದಿನಲ್ಲಿ ನಾನು ಕೇಳಿದ ಲೆಕ್ಕಗಳಲ್ಲೆಲ್ಲ ಸರಿಯಾಗಿದ್ದದ್ದು ಅದೊಂದೇ.

ಜ್ಯೇಷ್ಠ ಮಾಸದ ಮೊದಲ ಮಳೆ ಬಿದ್ದ ದಿನ ಖಾನಾವಳಿಯಲ್ಲಿ ನಾನು ನನ್ನ ಕೆಲಸದ ಬಡಾಯಿ ಕೊಚ್ಚುತ್ತಿದ್ದೆ. ಒಂದು ಬಟನ್ ಒತ್ತಿದರೆ ಸಾವಿರ ಮಂದಿ ನೋಡುತ್ತಾರೆ ಎಂದು ಎದುರಿಗೆ ಕೂತವನಿಗೆ ಹೇಳುತ್ತಿದ್ದೆ. ಶರಣಮ್ಮ ರೊಟ್ಟಿ ಹಾಕಲು ಬಂದವಳು ಹಾಗೇ ನಿಂತಳು.

"ತಮ್ಮಾ, ಅದರಾಗ ನಮ್ಮನಿಯವರ ಫೋಟೋ ಹಾಕಾಕ ಬರತೈತೇನು?"

"ಯಾಕ ಬರಾಂಗಿಲ್ಲ ಅಕ್ಕಾ? ಅರ್ಧಾ ತಾಸಿನ ಕೆಲಸ" ಎಂದೆ.

ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಒಳ್ಳೆಯವನೇ ಆಗಿ ಉಳಿಯುತ್ತಿದ್ದೆ. ಆದರೆ ಆ ವಾರ ಎಂ.ಡಿ. ನನ್ನ ಬೆನ್ನು ಹತ್ತಿದ್ದ. ಅಮೆರಿಕದವರಿಗೆ ತೂಕ ಇಳಿಸುವ ಚಹಾಪುಡಿ ಮಾರುವ ಒಂದು ಸೈಟು ನಮ್ಮ ಕೈಗೆ ಬಂದಿತ್ತು. ಅದಕ್ಕೆ ಕ್ರೆಡಿಟ್ ಸಾಲುತ್ತಿರಲಿಲ್ಲ. "ಕ್ಲಿಕ್ ಕರ್ನೇವಾಲಾ ಕೋಯಿ ಲಾವ್, ಪಗಾರ್ ನಹೀಂ ದೇತಾ" ಎಂದು ದಿನವೂ ತಲೆ ತಿನ್ನುತ್ತಿದ್ದ. ಪಗಾರವಿಲ್ಲದೆ ಕ್ಲಿಕ್ ಮಾಡುವವರು ಎಲ್ಲಿ ಸಿಗುತ್ತಾರೆ? ನನಗೆ ರೊಟ್ಟಿ ಹಾಕುತ್ತ ನಿಂತಿದ್ದಳು.

ಫೋಟೋ ಇಸಿದುಕೊಂಡೆ. ಅವಳ ಬಳಿ ಇದ್ದದ್ದು ಅದೊಂದೇ. ಚಿತ್ತಾಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು, ತಲೆಗೆ ದೊಡ್ಡ ಗುಲಾಬಿ ರುಮಾಲು, ಕೆಳಗೆ ನಗಲು ಹೋಗಿ ಬಿಟ್ಟಂಥ ಮುಖ. ಸ್ಕ್ಯಾನ್ ಮಾಡಿ, ಇದ್ದ ಗಾತ್ರದಲ್ಲೇ ಏರಿಸಿದೆ. ಕೆಳಗೆ ಇಂಗ್ಲಿಷಿನಲ್ಲಿ ಕಾಣೆಯಾಗಿದ್ದಾರೆ ಎಂದು ಬರೆದು ನಮ್ಮ ಆಫೀಸಿನ ಫೋನ್ ನಂಬರು ಹಾಕಿದೆ. ಮೂಲ ಫೋಟೋ ನನ್ನ ಡ್ರಾದಲ್ಲಿ ಉಳಿಯಿತು. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಸೆರಗು ಹೊದ್ದು ಆಫೀಸಿಗೆ ಬಂದಳು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟಿದ್ದಳು. ತೆರೆಯ ಮೇಲೆ ಗಂಡನ ಮುಖ ಕಂಡಾಗ ಬಾಯಿಗೆ ಸೆರಗು ಒತ್ತಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎರಡೂ ಕೈ ಜೋಡಿಸಿ "ಶರಣ್ರಿ" ಎಂದಳು. ಎಂ.ಡಿ. ಬಾಯಿಗೆ ಕರವಸ್ತ್ರ ಹಿಡಿದು ನಗುತ್ತಿದ್ದ. ನನಗೂ ನಗು ಬಂತು. ಬಂತು ಎಂದೇ ಹೇಳುತ್ತೇನೆ.

ಅವಳಿಗೆ ಎಕ್ಸ್‌ಚೇಂಜ್ ಹೇಗೆ ತಿಳಿಸುವುದು? ನಾನು ಪಾಠ ಮಾಡುವವನಲ್ಲವೇ, ಹೊಳೆಯಿತು. "ಅಕ್ಕಾ, ಇದು ಮದುವಿ ಮುಯ್ಯ ಇದ್ದಂಗ ನೋಡ್ರಿ. ನೀವು ಅವರ ಮನಿಗೆ ಹೋಗಿ ಮುಯ್ಯ ಮಾಡಿ ಬಂದ್ರ, ಅವರು ನಿಮ್ಮನಿಗೆ ಬಂದು ಮುಯ್ಯ ತೀರಸ್ತಾರ. ನೀವು ಇಬ್ಬರದು ನೋಡಿದ್ರ ಒಬ್ಬರು ನಿಮ್ಮದು ನೋಡ್ತಾರ."

"ಇಬ್ಬರಿಗೆ ಒಬ್ಬರ್ಯಾಕ? ಇನ್ನೊಬ್ಬರಿಗೇನು ಧಾಡಿ?"

"ಅದು ನಡಸವರಿಗೆ ಅಂತ ಹೋಗತೈತಿ."

"ಹಂಗೇನು? ದಲ್ಲಾಳಿ ಎಲ್ಲಾ ಕಡಿ ಇರೋದ ಬಿಡು" ಎಂದಳು. ಆಮೇಲೆ "ನೋಡವರು ಎಲ್ಲಿಯವರು?" ಎಂದು ಕೇಳಿದಳು.

"ಜಗತ್ತಿನ್ಯಾಗ ಎಲ್ಲಾ ಕಡಿಯವರು."

"ನಮ್ಮವರು ವಾಡಿ ದಾಟಿ ಹೋದವರಲ್ಲ ತಮ್ಮಾ."

ಆ ಮಾತು ನಿಜ. ನನಗಿದ್ದದ್ದು ನಾಲಿಗೆ. "ನಮ್ಮ ಮಂದಿ ಎಲ್ಲಾ ದೇಶದಾಗೂ ಅದಾರ ಅಕ್ಕಾ. ಅವರು ನೋಡಿ ಊರಿಗೆ ಫೋನ್ ಮಾಡ್ತಾರ, ಊರವರು ಹುಡುಕ್ತಾರ. ಸ್ಟೇಷನ್ನಾಗ ದಿನಕ್ಕ ಎಷ್ಟು ಮಂದಿ ಫೋಟೋ ನೋಡ್ತಾರ ಹೇಳ್ರಿ? ನೂರು? ನಿಂತ ನಿಂತ ನಿಮ್ಮ ಕಾಲು ಬಾತಾವ. ಅದನ್ನ ಬಿಡ್ರಿ. ಎರಡರಿಂದ ಆರರ ತನಕ ಇಲ್ಲಿ ಕುಂಡ್ರಿ, ಸಾವಿರ ಮಂದಿ ನೋಡ್ತಾರ."

ಅವಳು ತೆರೆಯನ್ನೂ ನನ್ನನ್ನೂ ನೋಡಿದಳು. ವರ್ಷಗಟ್ಟಲೆ ಅವಳ ಕೈಯ ರೊಟ್ಟಿ ತಿಂದವನು, ಅಕ್ಕಾ ಎನ್ನುವವನು, ಓದಿದವನು. "ನೀ ಹೇಳ್ತಿ ಅಂದ್ರ ಆತು" ಎಂದಳು. ಸ್ಟೇಷನ್ನಿಗೆ ಹೋಗುವುದು ಅವತ್ತಿನಿಂದ ನಿಂತಿತು.

ಕೆಲಸ ಬೇಗ ಕಲಿತಳು. ಅಕ್ಷರ ಬರದಿದ್ದರೂ ಮೀನು, ಛತ್ರಿ ಗುರುತಿಸುವುದರಲ್ಲಿ ಒಮ್ಮೆಯೂ ತಪ್ಪಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಗಡಿಯಾರ ಸೊನ್ನೆಗೆ ಬಂದರೂ ಅವಳು ಒತ್ತುತ್ತಿರಲಿಲ್ಲ. ಪುಟವನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಅದರಲ್ಲಿದ್ದ ಮನುಷ್ಯರ ಮುಖವನ್ನೆಲ್ಲ ನೋಡಿ, ಮುಖಕ್ಕೊಂದು ಶರಣು ಹೇಳಿ, ಆಮೇಲೆ ಒತ್ತುವುದು. ನಾನು ನಿಮಿಷಕ್ಕೆ ಹತ್ತು ಪುಟ ದಾಟಿಸಿದರೆ ಅವಳದು ಎರಡು ನಿಮಿಷಕ್ಕೆ ಒಂದು.

"ಅಕ್ಕಾ, ಗಡಿಯಾರ ಮುಗೀತಲ್ಲ, ಒತ್ತಿ ಬಿಡ್ರಿ" ಎಂದರೆ,

"ಒಬ್ಬರ ಮನಿಗೆ ಹೋಗಿ ಹೊಚ್ಚಲದಾಗಿಂದ ಹೊಳ್ಳಿ ಬರತಾರೇನು ತಮ್ಮಾ? ಕುಂತು, ಮಾತಾಡಿಸಿ ಬರಬೇಕು. ನಾ ಹಂಗ ಬಂದ್ರ ಅವರೂ ನಮ್ಮನಿಗೆ ಹಂಗ ಬರತಾರ."

ಅಲ್ಲಿಗೆ ನನ್ನ ಉಪಮೆಯೇ ನನ್ನ ಕೊರಳಿಗೆ ಬಿತ್ತು. ಮುಯ್ಯಿ ಎಂದವನು ನಾನು. ಮುಯ್ಯಿ ಹೇಗೆ ಮಾಡಬೇಕು ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಂದವರು ಗಂಡನ ಮುಖವನ್ನು ಹೀಗೆಯೇ ಕೂತು ನೋಡುತ್ತಿದ್ದಾರೆ ಎಂದು ನಂಬಿದ್ದಳು. ಆಫೀಸಿನಲ್ಲಿ ಅವಳ ಹೆಸರು "ಸ್ಲೋ ಸರ್ವರ್" ಎಂದಾಯಿತು. ಇಟ್ಟವನು ನಾನೇ. ಎಂ.ಡಿ.ಗೆ ಆ ಹೆಸರು ಭಾರಿ ಇಷ್ಟವಾಗಿ, ಗಿರಾಕಿಗಳ ಮುಂದೆಲ್ಲ ಹೇಳಿ ನಗುತ್ತಿದ್ದ. ಅವಳೂ ಏನೋ ಒಳ್ಳೆಯ ಮಾತಿರಬೇಕು ಎಂದುಕೊಂಡು ಜೊತೆಗೆ ನಗುತ್ತಿದ್ದಳು.

ಅವಳು ಗಳಿಸಿದ ಕ್ರೆಡಿಟ್ಟಿನಲ್ಲಿ ಅರ್ಧ ಗಂಡನ ಪುಟಕ್ಕೆ, ಉಳಿದರ್ಧ ಚಹಾಪುಡಿಗೆ ಹೋಗುವಂತೆ ನಾನು ಮೊದಲ ದಿನವೇ ಹೊಂದಿಸಿಟ್ಟಿದ್ದೆ. ಇದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆಷಾಢದ ಕೊನೆಗೆ ಒಂದು ದಿನ ಆಫೀಸಿನ ಲೈನು ಕೆಟ್ಟು ನಾನು ನಾರಾಯಣಗುಡದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಕ್ಲಿಕ್ ಮಾಡುತ್ತಿದ್ದೆ. ಫೋನ್ ತಂತಿಯ ಮೇಲೆ ತೆವಳುವ ಕನೆಕ್ಷನ್. ಪಕ್ಕದ ಕಂಪ್ಯೂಟರಿನಲ್ಲಿ ಒಬ್ಬ ಅದೇ ಎಕ್ಸ್‌ಚೇಂಜ್ ತೆರೆದಿದ್ದ. ಅವನ ತೆರೆಯ ಮೇಲೆ ಗುಲಾಬಿ ಬಣ್ಣದ ಒಂದು ಪಟ್ಟಿ ಮೂಡಿತು. ನಿಧಾನಕ್ಕೆ ಇನ್ನೊಂದು ಪಟ್ಟಿ. ರುಮಾಲು. ಹಣೆಯ ಮೊದಲ ಗೆರೆ. ಅಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂತು, ಅವನು ಸೇಬು ಒತ್ತಿದ, ರೇವಣಪ್ಪ ಹೋದ. ಹುಬ್ಬು ಕೂಡ ಬಂದಿರಲಿಲ್ಲ.

ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಪುಟ ಮೊದಲೇ ಉಳಿದಿರುತ್ತಿದ್ದರಿಂದ ಮುಖ ಒಮ್ಮೆಗೇ ತೆರೆಯುತ್ತಿತ್ತು. ಆ ದಿನಗಳಲ್ಲಿ ಉಳಿದವರಲ್ಲಿ ಎಷ್ಟೋ ಜನರಿಗೆ ಕಂಡಿದ್ದು ರುಮಾಲು ಅಷ್ಟೇ. ಫೋಟೋ ಕುಗ್ಗಿಸಿ ಹಾಕಬೇಕು ಎಂದು ಪ್ರತಿ ಶನಿವಾರ ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನು. ಸರಿಪಡಿಸಲು ಐದು ನಿಮಿಷ ಸಾಕಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡೆ. ಮರುದಿನ ಚಹಾಪುಡಿಯವರ ಮೀಟಿಂಗ್ ಇತ್ತು. ಅದರ ಮರುದಿನ ಏನಿತ್ತೋ ನೆನಪಿಲ್ಲ.

ಶ್ರಾವಣ ಬಂತು. ಎರಡನೇ ಸೋಮವಾರ ಪುಟದ ಕೆಳಗಿನ ಲೆಕ್ಕ ಒಂದೂವರೆ ಸಾವಿರ ದಾಟಿತು. ಓದಿ ಹೇಳಿದೆ. ಶರಣಮ್ಮ ಎದ್ದು ಹೋಗಿ ಖಾನಾವಳಿಯಿಂದ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು, ಎಂ.ಡಿ.ಗೂ. "ಒಂದೂವರಿ ಸಾವಿರ ಮಂದಿ ನಮ್ಮವರ ಮಾರಿ ನೋಡ್ಯಾರ. ನಮ್ಮೂರಾಗ ಅಷ್ಟು ಮಂದೀನೇ ಇಲ್ಲ" ಎಂದಳು. ಅದೇ ವಾರ ಆ ಪುಟಕ್ಕೆ ಮೊದಲನೆಯ ಈಮೇಲ್ ಬಂತು. ಎಕ್ಸ್‌ಚೇಂಜಿನ ಎಲ್ಲರಿಗೂ ಯಾರೋ ಒಟ್ಟಿಗೆ ಕಳಿಸುವಂಥದು: ನಿಮ್ಮ ಸೈಟ್ ಅದ್ಭುತವಾಗಿದೆ, ನನ್ನ ಕೆಳಗೆ ಸೇರಿ ಮನೆಯಲ್ಲೇ ಕೂತು ಗಳಿಸಿ. ಏನು ಬರೆದಿದ್ದಾರೆ ಎಂದು ಅವಳು ಕೇಳಿದಳು. ನಿಮ್ಮವರ ಫೋಟೋ ನೋಡಿ ಭಾಳ ಕೆಟ್ಟನಿಸಿತಂತೆ, ದೇವರಿಗೆ ಕೇಳಿಕೊಳ್ಳುತ್ತಾರಂತೆ ಎಂದೆ. ಅವಳು ಅಳಲಿಲ್ಲ. "ಅವರಿಗೆ ಶರಣು ಅಂತ ಬರಿ. ಅವರ ಮಕ್ಕಳು ತಣ್ಣಗಿರಲಿ ಅಂತ ಬರಿ" ಎಂದಳು. ಬರೆದಂತೆ ಬೆರಳಾಡಿಸಿದೆ.

ಗಣಪತಿ ಕೂರಿಸುವ ಹೊತ್ತಿಗೆ ಅವಳ ತಂಗಿ ಚಿತ್ತಾಪುರದಿಂದ ಬಂದು ನಾಲ್ಕು ದಿನ ಇದ್ದು ಹೊರಟಳು. ಭಾನುವಾರ, ನನಗೆ ರಜೆ. "ತಮ್ಮಾ, ಚೀಲ ಭಾಳ ಒಜ್ಜಿ ಅದಾವ, ಸ್ಟೇಷನ್ ತನಕ ಬರತಿಯೇನು?" ಎಂದಳು. ಹೋದೆ. ತಂಗಿ ಹತ್ತಿದ ಗಾಡಿ ಇನ್ನೂ ಪ್ಲಾಟ್‌ಫಾರ್ಮ್ ದಾಟಿರಲಿಲ್ಲ, ಕೆಂಪು ಅಂಗಿಯ ಒಬ್ಬ ಹಮಾಲ ಓಡಿಬಂದ. ಹುಸೇನಪ್ಪ, ಯಾದಗಿರಿ ಕಡೆಯವನು. ಅವಳು ದಿನವೂ ಬಂದು ನಿಲ್ಲುತ್ತಿದ್ದಾಗ ನೀರು ಕೊಡುತ್ತಿದ್ದನಂತೆ.

"ಯಕ್ಕಾ, ಎಲ್ಲಿ ಹೋಗಿದ್ದಿ ಇಷ್ಟು ದಿನ? ನಿನ್ನ ಗಂಡ ಬಂದಿದ್ನಲ್ಲ!"

ಅವಳು ಅವನ ಮುಖವನ್ನೇ ನೋಡಿದಳು.

"ಶ್ರಾವಣದಾಗ. ಎರಡನೇ ಸೋಮವಾರ ಬಂದ, ಇಲ್ಲೇ ಈ ಬಾಕಿನ ಮ್ಯಾಲೆ ಕುಂತ. ಅದೇ ಗುಲಾಬಿ ರುಮಾಲು. ಊರಿಗಿ ಹೋಗೂನು ನಡಿ ಅಂತಿದ್ದ. ನೀ ಹೇಳಿದ್ದೆಲ್ಲ, ಕಂಡ್ರ ಕುಂಡ್ರಿಸಿಕೊಂಡಿರು, ನಾ ದಿನಾ ಬರ್ತೀನಿ ಅಂತ? ಒಂಬತ್ತು ದಿನಾ ಕುಂಡ್ರಿಸಿಕೊಂಡಿದ್ದೆ ಯಕ್ಕಾ. ಚಹಾ ಕುಡಿಸಿದೆ, ಬ್ರೆಡ್ ತಿನಿಸಿದೆ. ದಿನಾ ಎರಡರ ಮ್ಯಾಲೆ ಆ ಮೆಟ್ಟಲ ಕಡೀನೇ ನೋಡ್ತಿದ್ದೆ. ನಿನ್ನ ಮನಿ ಎಲ್ಲಿ ಅಂತ ನನಗೇನು ಗೊತ್ತು? ಹತ್ತನೇ ದಿನ ನಾ ಸಾಮಾನು ಹೊತ್ತು ಆ ಕಡೆ ಹೋಗಿದ್ದೆ. ಬರೂದ್ರಾಗ ಇರಲಿಲ್ಲ. ಕಾಜೀಪೇಟ ಕಡಿ ಗಾಡಿ ನಿಂತಿತ್ತು, ಅದನ್ನ ಹತ್ಯಾನ ಅಂತಾರ. ನೀ ಬರೋದು ಬಿಟ್ಟಿದ್ದೆಲ್ಲ, ನಿನಗ ಗಂಡ ಸಿಕ್ಕಿರಬೇಕು, ಇಂವ ಯಾರೋ ಬ್ಯಾರೆ ಅಂತ ಸುತ್ತಮುತ್ತ ಮಂದಿ ಅಂದ್ರು."

ಕಾಜೀಪೇಟ ಎಂದರೆ ಊರಿಗೆ ವಿರುದ್ಧ ದಿಕ್ಕು.

ಹುಸೇನಪ್ಪ ಇನ್ನೂ ಏನೇನೋ ಹೇಳುತ್ತಿದ್ದ. ಅವನಿಗೆ ತಾನು ತಪ್ಪು ಮಾಡಿದೆನೇನೋ ಎಂಬ ಅಳುಕು. ಶರಣಮ್ಮ ಅವನ ಕೈ ಹಿಡಿದು "ನಿನ್ನ ಋಣ ದೊಡ್ಡದಾತು ತಮ್ಮಾ" ಎಂದಳು. ಆಮೇಲೆ ಆ ಬೆಂಚಿನ ಮೇಲೆ ಹೋಗಿ ಕೂತಳು. ಕಬ್ಬಿಣದ ಪಟ್ಟಿಯ ಮೇಲೆ ಅಂಗೈ ಇಟ್ಟು ಸವರಿದಳು. ನಾನು ನಿಂತೇ ಇದ್ದೆ. ಮಳೆ ತುಂತುರಾಗಿ ಹಳಿಯ ಮೇಲೆ ಬೀಳುತ್ತಿತ್ತು.

"ಆ ಒಂಬತ್ತು ದಿನದಾಗ ನಿನ್ನ ಕಂಪ್ಯೂಟರಿನ್ಯಾಗ ಎಷ್ಟು ಮಂದಿ ನೋಡಿದ್ರು?"

"ಒಂದು ಇನ್ನೂರೈವತ್ತು ಆಗಿರಬೇಕು ಅಕ್ಕಾ."

"ಅವರಾಗ ಮಾರಿ ಎಷ್ಟು ಮಂದಿ ನೋಡಿದ್ರು?"

ನಾನು ಹಳಿಯ ಕಡೆ ನೋಡಿದೆ. ಅವಳು ಬೇರೇನೋ ನೆನಪಾದವಳಂತೆ ಕೇಳಿದಳು.

"ಆ ಕೂಸಿನ ತಾಯಿ ಬರ್ತಾಳಲ್ಲ, ಆಕಿಗಾದ್ರೂ ಸಿಕ್ತೇನು?"

"ಯಾವ ಕೂಸು?"

"ದಿನಾ ಬರತೈತಲ್ಲ ಅದರಾಗ. ಹಳದಿ ಅಂಗಿ ತೊಟ್ಟಾಕಿ. ಕೂಸಿನ ಫೋಟೋ ಎದಿಗೆ ಹಿಡಕೊಂಡು ನಿಂತಾಳ, ನನ್ನಂಗ. ಆಕಿ ಬಂದಾಗೊಮ್ಮೆ ನಾ ಬಸವಣ್ಣಗ ಬೇಡಿಕೊಳ್ತಿದ್ದೆ, ಮೊದಲ ಆಕಿದು ಸಿಗಲಿ ಅಂತ."

ನನಗೆ ಗೊತ್ತಿರಲಿಲ್ಲ. ದಿನಕ್ಕೆ ನಾನು ಅವಳ ಹತ್ತಾರು ಪಾಲು ಪುಟ ದಾಟಿಸುತ್ತಿದ್ದೆ. ಆ ಹೆಂಗಸು ನನ್ನೆದುರೂ ಇನ್ನೂರು ಮುನ್ನೂರು ಸಲ ಬಂದಿರಲೇಬೇಕು. ಎಷ್ಟು ನೆನೆದರೂ ಕಣ್ಣ ಮುಂದೆ ಬಂದದ್ದು ಮೀನು, ಛತ್ರಿ, ಸೇಬು, ಗಂಟೆ. ಶರಣಮ್ಮ ನನ್ನ ಮುಖ ನೋಡುತ್ತಿದ್ದಳು. ಅವಳು ಯಾವ ಮುಖವನ್ನೂ ಅವಸರದಲ್ಲಿ ನೋಡಿದವಳಲ್ಲ.

"ನೀನೂ ನೋಡಿಲ್ಲ" ಎಂದಳು. ಬೈದಂತೆ ಇರಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಾದಾ ದನಿ.

ಸೋಮವಾರ ಆಫೀಸಿಗೆ ಹೋದವನೇ ಆ ಪುಟ ಬರುವ ತನಕ ಕ್ಲಿಕ್ ಮಾಡುತ್ತ ಕೂತೆ. ಒಂದು ತಾಸಿಗೆ ಬಂತು. ಹಳದಿ ಅಂಗಿಯ ಬಿಳಿ ಹೆಂಗಸು, ಎದೆಗೆ ಹಿಡಿದ ಕೂಸಿನ ಫೋಟೋ. ಗಡಿಯಾರ ಮುಗಿದರೂ ಒತ್ತದೆ, ಜೀವಮಾನದಲ್ಲಿ ಮೊದಲ ಬಾರಿ ಒಂದು ಪುಟವನ್ನು ಕೆಳಗಿನ ತನಕ ಓದಿದೆ. ಅದು ಫೋಟೋ ಫ್ರೇಮ್ ಮಾರುವ ಅಂಗಡಿ. ಕಳೆದುಹೋದ ಕೂಸು ಅಲ್ಲಿರಲಿಲ್ಲ, ಹೊಸ ನಮೂನೆಯ ಮರದ ಚೌಕಟ್ಟು ಇತ್ತು. ಅದನ್ನು ಓದಿದಾಗ ನನಗೆ ಆದದ್ದು ಸಂತೋಷ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಅವಳೂ ತಪ್ಪು ನೋಡಿದ್ದಾಳೆ, ನೋಡಿ ಏನು ಉಪಯೋಗವಾಯಿತು ಎಂದು ಒಳಗೆ ಏನೋ ಹಗುರಾಯಿತು.

ಎರಡು ಗಂಟೆಗೆ ಅವಳು ಬಂದಳು. ಕೂರಲಿಲ್ಲ. "ಫೋಟೋ ಕೊಡು ತಮ್ಮಾ, ಸ್ಟೇಷನ್ನಿಗೆ ಹೋಗ್ತೀನಿ" ಎಂದಳು. ಡ್ರಾ ಎಳೆದೆ. ಬಿಸ್ಕತ್ ಪ್ಯಾಕೆ‌ಟ್ಟಿನ ಕೆಳಗಿತ್ತು, ರುಮಾಲಿನ ಒಂದು ಮೂಲೆಗೆ ಎಣ್ಣೆ ತಾಗಿತ್ತು. ಅವಳು ಸೆರಗಿನಿಂದ ಒರೆಸಿಕೊಂಡಳು. ಬಾಗಿಲ ತನಕ ಹೋದವಳನ್ನು ನಾನೇ ಕರೆದೆ.

"ಅಕ್ಕಾ, ನೀವು ಬೇಡಿಕೊಳ್ತಿದ್ರೆಲ್ಲ, ಆ ಹೆಂಗಸು. ಆಕಿದು ಕೂಸೇ ಕಳದಿಲ್ಲ. ಅದು ಫೋಟೋ ಕಟ್ಟು ಮಾರೋ ಅಂಗಡಿ. ನೀವು ಮೂರು ತಿಂಗಳು ಅಂಗಡಿ ಬೋರ್ಡಿಗೆ ಶರಣು ಮಾಡೀರಿ."

ಎಂ.ಡಿ. ಅತ್ತ ಕೂತವನು ಗೊಳ್ಳೆಂದು ನಕ್ಕ. ಅವಳು ಬಾಗಿಲಿಗೆ ಕೈ ಹಚ್ಚಿ ನಿಂತು ಯೋಚಿಸಿದಳು. ನಾನು ಅವಳ ಮುಖ ಇಳಿಯುವುದನ್ನು ಕಾಯುತ್ತಿದ್ದೆ.

"ಹಂಗಾರ ಆ ಕೂಸು ಮನ್ಯಾಗ ಐತಿ" ಎಂದಳು. "ಚಲೋ ಆತು ಬಿಡು."

ಚಪ್ಪಲಿ ಹಾಕಿಕೊಳ್ಳಲು ಕೆಳಗಿಳಿದು ಹೋದಳು.

ಅವಳ ಹೆಸರಿನಲ್ಲಿ ನೂರಾರು ಕ್ರೆಡಿಟ್ ಉಳಿದಿದ್ದವು. ಎಂ.ಡಿ. ಅದನ್ನೂ ಚಹಾಪುಡಿಗೆ ಹಾಕಿಬಿಡು ಎಂದ. ಹಾಕಿದೆ. ಫೋಟೋ ಕುಗ್ಗಿಸುವ ಕೆಲಸ ಆಮೇಲೆ ಬೇಕಾಗಲಿಲ್ಲ. ಖಾನಾವಳಿಯಲ್ಲಿ ಇನ್ನೂ ಹದಿನೈದು ದಿನ ಉಂಡೆ. ಅವಳು ಯಾವತ್ತೂ ಒಂದು ಮಾತು ಎತ್ತಲಿಲ್ಲ, ಮೊದಲಿನಂತೆಯೇ ಬಿಸಿ ರೊಟ್ಟಿ ಹಾಕಿ "ಇನ್ನೊಂದು ಉಣ್ಣು ತಮ್ಮಾ" ಎನ್ನುತ್ತಿದ್ದಳು. ಒಂದು ಸಲ ಬೈದಿದ್ದರೆ ನಾನು ಅಲ್ಲೇ ಇದ್ದುಬಿಡುತ್ತಿದ್ದೆನೇನೋ. ದಸರೆಯ ಹೊತ್ತಿಗೆ ಬೇರೆ ಮೆಸ್ ಹುಡುಕಿಕೊಂಡೆ, ಆ ವರ್ಷ ಮುಗಿಯುವುದರೊಳಗೆ ಬೇರೆ ಕೆಲಸ.

ಹೋದ ತಿಂಗಳು ಮೇಲಿನ ಮಹಡಿಯಲ್ಲಿ ಒಬ್ಬಳು ಹುಡುಗಿ ನನ್ನ ಕಣ್ಣಿಗೆ ಗಾಜು ಬದಲಿಸುತ್ತ, ಈಗ ಕಾಣುತ್ತಾ ಸಾರ್, ಈಗ ಕಾಣುತ್ತಾ ಎಂದು ಕೇಳಿದಳು. ಎಲ್ಲ ಸಾಲೂ ಓದಿದೆ. ಹೊಸ ಕನ್ನಡಕ ಹಾಕಿಕೊಂಡು ಇಳಿದು ಬರುವಾಗ ಹಿಂದಿನ ಓಣಿಗೆ ಹೋಗಿ, ಅಲ್ಲಿ ರೊಟ್ಟಿ ಬಡಿಯುತ್ತಿರುವವರು ಯಾರು ಎಂದು ನೋಡಬಹುದಿತ್ತು. ಆಟೋ ಹತ್ತಿದೆ. ಈಗಲೂ ಊರಿಗೆ ಹೋಗುವಾಗ ಎಷ್ಟೇ ದೂರವಾದರೂ ನಾಂಪಲ್ಲಿ ಸ್ಟೇಷನ್ನಿಗೆ ಹೋಗಿ ಗಾಡಿ ಹತ್ತುತ್ತೇನೆ. ಸಿಕಂದರಾಬಾದಿನಿಂದ ಹತ್ತಿದರೆ ಮನೆಗೆ ಹತ್ತಿರ ಎಂದು ಹೆಂಡತಿ ಪ್ರತಿ ಸಲವೂ ಹೇಳುತ್ತಾಳೆ. ಅಲ್ಲಿ ಆ ಬೆಂಚಿನ ಹತ್ತಿರ ಶರಣಮ್ಮ ಇನ್ನೂ ನಿಂತಿರಬಹುದು, ನಿಂತಿದ್ದರೆ ಗಂಡನ ಫೋಟೋವನ್ನು ನನ್ನ ಮುಂದೆಯೂ ಹಿಡಿಯಬಹುದು, ಆಗ ನಾನು ಆ ಮುಖವನ್ನು ನೋಡಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿಲ್ಲ.